ಕುಂಡೆಕುಸ್ಕದ ಕಾಲುಂಗುರ

ನಮ್ಮ ಮನೆ ಅಟ್ಟದ ಮೇಲೆ ಅಜ್ಜನ ಕಾಲದ ಲೆಕ್ಕದ ಪುಸ್ತಕಗಳಿವೆ. ಅಡಿಕೆ ಎಷ್ಟಾಯಿತು, ಆಳು ಎಷ್ಟು ಜನ, ಯಾರಿಗೆ ಎಷ್ಟು ಕೈಗಡ, ಯಾವ ಮಳೆ ಹೇಗೆ ಹೊಡೆಯಿತು, ಎಲ್ಲಾ ಒಂದೇ ಕಡೆ. ಗೆದ್ದಲು ಹಿಡಿದಿದೆಯಾ ಅಂತ ನೋಡಲು ಮೊನ್ನೆ ಕೆಳಗಿಳಿಸಿದ್ದೆ. ಒಂದು ಸಾಲು ಕಣ್ಣಿಗೆ ಬಿತ್ತು. ‘ಹುಬ್ಬೆ ಮಳೆ, ಬಿಟ್ಟೂ ಬಿಟ್ಟೂ. ಆಳು 3. ಕುಂಡೆಕುಸ್ಕ ಬಂತು.’

ಮುಂದಿನ ವರ್ಷದ ಪುಸ್ತಕ ತೆಗೆದೆ. ಅಲ್ಲೂ ಇತ್ತು. ಅದರ ಮುಂದಿನದರಲ್ಲಿ ಇರಲಿಲ್ಲ. ಆ ವರ್ಷ ಅತ್ತೆಯ ಮದುವೆ, ಹಕ್ಕಿ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲವೇನೋ. ಆಮೇಲೆ ಮತ್ತೆ ಶುರು. ಒಂದು ವರ್ಷ ಹುಬ್ಬೆ ಮಳೆಯ ಮೊದಲ ದಿನಗಳಲ್ಲೇ, ಇನ್ನೊಂದು ವರ್ಷ ಉತ್ತರೆ ಮಳೆ ಹಿಡಿದ ಮೇಲೆ. ಅಂದರೆ ಹೆಚ್ಚುಕಮ್ಮಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ.

ಕುಂಡೆಕುಸ್ಕ ಗೊತ್ತಲ್ವಾ? ಒಂದು ಗಳಿಗೆ ಸುಮ್ಮನಿರದೆ ಬಾಲ ಕುಣಿಸುತ್ತಾ ಓಡಾಡುವ ಹಕ್ಕಿ. ಪುಸ್ತಕದವರು ಸಿಪಿಲೆ ಅನ್ನುತ್ತಾರೆ. ನಮ್ಮ ಅಂಗಳಕ್ಕೆ ಬರುವುದು ಬೂದು ಸಿಪಿಲೆ. ಬೆನ್ನು ಬೂದು, ಹೊಟ್ಟೆ ಹಳದಿ, ಬಾಲ ಮೈಗಿಂತ ಉದ್ದವೇನೋ ಅನ್ನಿಸುವಷ್ಟು ಉದ್ದ. ತೂಕ 18 ಗ್ರಾಂ ಆಸುಪಾಸು. ಬೇಸಿಗೆಯಲ್ಲಿ ಹಿಮಾಲಯದ ಹಳ್ಳಗಳಲ್ಲೋ ಅದಕ್ಕೂ ಉತ್ತರಕ್ಕೆ ಎಲ್ಲೋ ಮರಿ ಮಾಡಿ, ಮಳೆ ಮುಗಿಯುವ ಮೊದಲೇ ನಮ್ಮ ಕಡೆ ಬಂದುಬಿಡುತ್ತದೆ. ಬಚ್ಚಲ ನೀರು ಹರಿದುಹೋಗುವ ಕಡೆ, ಬಟ್ಟೆ ಒಗೆಯುವ ಕಲ್ಲಿನ ಸುತ್ತ, ಕೊಟ್ಟಿಗೆ ಹಿಂದಿನ ಕೆಸರಲ್ಲಿ ಅದರ ಸಂಸಾರ. ಸಂಸಾರ ಅಂದೆ, ಆದರೆ ಇಲ್ಲಿ ಇರುವಷ್ಟು ದಿನ ಅದು ಒಂಟಿ. ಇನ್ನೊಂದು ಕುಂಡೆಕುಸ್ಕ ಅಂಗಳಕ್ಕೆ ಇಳಿದರೆ ಅಟ್ಟಿಸಿಕೊಂಡು ಹೋಗುತ್ತದೆ.

ಅಜ್ಜಿಗೆ ಈಗ ಎಂಬತ್ತೆಂಟು. ಪ್ರತಿ ವರ್ಷ ಹಕ್ಕಿ ಬಂದ ದಿನ ಒಂದೇ ಮಾತು. “ಬಂತು ನೋಡು, ಅದೇ ಹಕ್ಕಿ.”

ನನಗೆ ಹೈಸ್ಕೂಲಿನಿಂದಲೂ ಈ ‘ಅದೇ’ ಅನ್ನುವುದರ ಮೇಲೆ ಅನುಮಾನ. ಒಂದು ಕುಂಡೆಕುಸ್ಕಕ್ಕೂ ಇನ್ನೊಂದಕ್ಕೂ ನಮ್ಮ ಕಣ್ಣಿಗೆ ಏನು ವ್ಯತ್ಯಾಸ? ಸಾವಿರಾರು ಕಿಲೋಮೀಟರ್ ದಾಟಿ, ಇಷ್ಟು ದೊಡ್ಡ ಮಲೆನಾಡಿನಲ್ಲಿ, ಸಾಗರದ ಕಡೆಯ ಒಂದು ಹಳ್ಳಿಯ ಒಂದು ಮನೆಯ ಬಚ್ಚಲಿಗೇ ಅದು ಯಾಕೆ ವಾಪಸ್ ಬರಬೇಕು? “ಅದೇ ಅಂತ ನಿಂಗೆ ಹೇಗೆ ಗೊತ್ತು ಅಜ್ಜಿ?” ಅಂತ ಕೇಳಿದರೆ, “ನಿನ್ನ ಗುರುತು ಹಿಡಿಯೋಕೆ ನಂಗೆ ಆಧಾರ್ ಕಾರ್ಡ್ ಬೇಕಾ?” ಅನ್ನುತ್ತಾಳೆ.

ಹಕ್ಕಿಗಳಿಗೂ ಆಧಾರ್ ಕಾರ್ಡ್ ಇದೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಕೋಡಿಯಕ್ಕರೈಯಲ್ಲಿ. ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯ ಆ ಕಡಲತುದಿಗೆ ಪಾಯಿಂಟ್ ಕ್ಯಾಲಿಮಿಯರ್ ಅನ್ನುವ ಹೆಸರೂ ಇದೆ. ಒಂದು ಕಡೆ ಉಪ್ಪಿನ ಗದ್ದೆ, ಕೆಸರು, ಹಿನ್ನೀರು. ಇನ್ನೊಂದು ಕಡೆ ಕುರುಚಲು ಕಾಡು. ಮುಂದೆ ಸಮುದ್ರ, ಅದರಾಚೆ ಶ್ರೀಲಂಕಾ. ಉತ್ತರದಿಂದ ಇಳಿದು ಬರುವ ಹಕ್ಕಿಗಳಿಗೆ ನೆಲ ಮುಗಿಯುವ ಜಾಗ ಅದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದಶಕಗಳಿಂದ ಅಲ್ಲಿ ಹಕ್ಕಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುತ್ತಿದ್ದಾರೆ. ಕೆಲವು ವರ್ಷದ ಹಿಂದೆ, ಒಂದು ಅಕ್ಟೋಬರ್‌ನಲ್ಲಿ, ಪರಿಚಯದವರೊಬ್ಬರ ಜೊತೆ ನಾಲ್ಕು ದಿನ ಅಲ್ಲಿದ್ದು ಆ ಕೆಲಸ ನೋಡಿದೆ.

ಬೆಳಗಿನ ಜಾವ ಬಲೆ ಬಿಚ್ಚಬೇಕು. ಮಿಸ್ಟ್ ನೆಟ್ ಅಂತಾರೆ. ಎರಡು ಗಳುಗಳ ನಡುವೆ ಕಟ್ಟಿದ ಕಪ್ಪು ಬಲೆ, ನೂಲು ಎಷ್ಟು ತೆಳುವೆಂದರೆ ಗಿಡದ ನೆರಳಿನ ಮುಂದೆ ಕಾಣುವುದೇ ಇಲ್ಲ. ಹಕ್ಕಿಗೆ ಬಿಡಿ, ನನಗೇ ಕಾಣಲಿಲ್ಲ. ಮೊದಲ ದಿನವೇ ಮುಖ ಕೊಟ್ಟು ಸಿಕ್ಕಿಕೊಂಡೆ. ಅಂಗಿಯ ಗುಂಡಿ ಬಿಡಿಸಲು ಹತ್ತು ನಿಮಿಷ. ಅಲ್ಲಿದ್ದವರು ನಕ್ಕು, ಅಳತೆ ತಗೊಳ್ಳೋಣ್ವಾ ಅಂತ ಸ್ಕೇಲು ಹಿಡಿದುಕೊಂಡು ಬಂದರು. ಬಲೆ ಅಡ್ಡಡ್ಡ ನಾಲ್ಕೈದು ಜೋಲಿಗಳಂತೆ ಸಡಿಲವಾಗಿ ಇಳಿಬಿದ್ದಿರುತ್ತದೆ. ಹಾರಿಬಂದ ಹಕ್ಕಿ ಬಲೆಗೆ ತಾಗಿ ಆ ಜೋಲಿಯೊಳಗೆ ಬೀಳುತ್ತದೆ. ಅರ್ಧ ಗಂಟೆ ಆಗುವುದರೊಳಗೆ ಯಾರಾದರೂ ಹೋಗಿ ನೋಡಲೇಬೇಕು. ಮಳೆ ಬಂದರೆ, ಬಿಸಿಲು ಏರಿದರೆ ಬಲೆ ಮುಚ್ಚಬೇಕು. ಈ ವಿಷಯದಲ್ಲಿ ಮಾತ್ರ ಅಲ್ಲಿ ಯಾರಿಗೂ ತಮಾಷೆ ಇರಲಿಲ್ಲ.

ಬಲೆಯಿಂದ ಬಿಡಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ. ಹಕ್ಕಿ ಒಳಗೆ ಹೋದ ದಾರಿಯಲ್ಲೇ ಹೊರಗೆ ಬರಬೇಕು. ಸೊಸೈಟಿಯ ಉಂಗುರದ ಕೆಲಸದಲ್ಲಿ ಬಿಹಾರದ ಮಿರ್‌ಶಿಕಾರ್ ಸಮುದಾಯದವರ ಪಾಲು ದೊಡ್ಡದು. ಹಕ್ಕಿ ಹಿಡಿಯುವುದೇ ಅವರ ಕುಲಕಸುಬು. ಮಾರಲು ಹಿಡಿಯುತ್ತಿದ್ದ ಕೈಗಳೇ ವಿಜ್ಞಾನಕ್ಕೆ ಹಿಡಿದುಕೊಟ್ಟವು. ಡಿಗ್ರಿ ಇದ್ದವರಿಗೆ ಅವರು ಹೇಳಿಕೊಟ್ಟರು. ವರದಿಗಳಲ್ಲಿ ಅವರ ಹೆಸರು ಎಷ್ಟು ಬಂತು ಅನ್ನುವುದು ಬೇರೆ ಮಾತು.

ಬಿಡಿಸಿದ ಹಕ್ಕಿಯನ್ನು ಬಟ್ಟೆಯ ಚೀಲಕ್ಕೆ ಹಾಕುತ್ತಾರೆ. ಕತ್ತಲಲ್ಲಿ ಅದು ಸುಮ್ಮನಾಗುತ್ತದೆ. ಮೇಜಿನ ಹತ್ತಿರ ತಂದು, ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಕುತ್ತಿಗೆ ಬರುವಂತೆ, ಬೆನ್ನು ಅಂಗೈಗೆ ಒರಗುವಂತೆ ಹಿಡಿಯುತ್ತಾರೆ. ಎದೆಯನ್ನು ಒತ್ತುವ ಹಾಗಿಲ್ಲ, ಒತ್ತಿದರೆ ಉಸಿರಾಡಲು ಆಗುವುದಿಲ್ಲ. ಕಾಲಿಗೆ ಅಲ್ಯೂಮಿನಿಯಂ ಉಂಗುರ ಇಟ್ಟು ಇಕ್ಕಳದಲ್ಲಿ ಒಂದು ಒತ್ತು. ಉಂಗುರದ ಮೇಲೆ ಒಂದು ನಂಬರು, ಜೊತೆಗೆ ‘ಬಾಂಬೆಗೆ ತಿಳಿಸಿ’ ಅನ್ನುವ ಅರ್ಥದ ಇಂಗ್ಲಿಷ್ ಅಕ್ಷರ. ಊರು ಮುಂಬಯಿ ಆದರೂ ಸೊಸೈಟಿಯ ಹೆಸರಲ್ಲಿ ಬಾಂಬೆ ಹಾಗೇ ಉಳಿದಿದೆ.

ಆಮೇಲೆ ರೆಕ್ಕೆಯ ಅಳತೆ, ಕೊಕ್ಕಿನ ಅಳತೆ, ತೂಕ. ತೂಕ ಮಾಡುವುದನ್ನು ನೋಡಿ ನಗು ಬಂತು. ಹಳೇ ಕ್ಯಾಮೆರಾ ರೀಲಿನ ಡಬ್ಬಿಯಂಥದ್ದರಲ್ಲಿ ಹಕ್ಕಿಯನ್ನು ತಲೆಕೆಳಗಾಗಿ ಇಳಿಸಿ ತಕ್ಕಡಿ ಮೇಲೆ ಇಡುತ್ತಾರೆ. ಹೊರಗೆ ಬಾಲ, ಎರಡು ಕಾಲು, ಅಷ್ಟೇ. ಅದಾದ ಮೇಲೆ ಎದೆಯ ಪುಕ್ಕವನ್ನು ಬಾಯಿಂದ ಉಫ್ ಎಂದು ಊದುತ್ತಾರೆ. ಪುಕ್ಕ ಸರಿದು ತೆಳು ಚರ್ಮ ಕಾಣುತ್ತದೆ. ಗಂಟಲ ಕೆಳಗಿನ ಗುಳಿಯಲ್ಲಿ ಹಳದಿ ಬಣ್ಣ ಇದ್ದರೆ ಅದು ಕೊಬ್ಬು. ದೂರ ಹಾರುವ ಹಕ್ಕಿಯ ಬುತ್ತಿ ಅದೇ. ಕೆಲವು ಜಾತಿಗಳು ಹೊರಡುವ ಮೊದಲು ತಿಂದು ತಿಂದು ಮೈತೂಕವನ್ನು ಹೆಚ್ಚುಕಮ್ಮಿ ಎರಡರಷ್ಟು ಮಾಡಿಕೊಳ್ಳುತ್ತವೆ. ಬಂದಿಳಿದಾಗ ಬುತ್ತಿ ಖಾಲಿ. ಎದೆಯ ಮೂಳೆ ಚಾಕುವಿನ ಅಂಚಿನಂತೆ ಕೈಗೆ ಸಿಗುತ್ತದೆ.

ಎರಡನೇ ದಿನ ನನ್ನ ಕೈಗೂ ಒಂದು ಹಕ್ಕಿ ಕೊಟ್ಟರು, ಹಾರಿಬಿಡಲು. ಬ್ಲೈತ್ಸ್ ರೀಡ್ ವಾರ್ಬ್ಲರ್. ಮಣ್ಣು ಬಣ್ಣದ್ದು, ನೋಡಲು ಏನೂ ಇಲ್ಲ. ಪೊದೆಯೊಳಗೆ ಚಕ್ ಚಕ್ ಅನ್ನುತ್ತಾ ಇರುತ್ತದೆ, ನಮ್ಮ ಬೇಲಿಯಲ್ಲೂ ಇದೆ. ಇದರ ಜಾತಿ ಗೊತ್ತು ಮಾಡಲು ಕೈಯಲ್ಲಿ ಹಿಡಿದು ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಎಣಿಸಿ, ಯಾವ ಗರಿ ಯಾವುದಕ್ಕಿಂತ ಉದ್ದ ಅಂತ ನೋಡಬೇಕಾಗುತ್ತದೆ. ಹತ್ತು ಹನ್ನೊಂದು ಗ್ರಾಂ ತೂಕ. ಫಿನ್‌ಲ್ಯಾಂಡ್‌ನಿಂದ ಸೈಬೀರಿಯಾದವರೆಗೆ ಗೂಡು ಕಟ್ಟುವ ಈ ಜಾತಿಯ ಹೆಚ್ಚುಕಮ್ಮಿ ಎಲ್ಲ ಹಕ್ಕಿಗಳೂ ಚಳಿಗಾಲಕ್ಕೆ ಬರುವುದು ಭಾರತ, ಶ್ರೀಲಂಕಾ ಮತ್ತು ಸುತ್ತಮುತ್ತಲ ದೇಶಗಳಿಗೆ. ಅಂದರೆ ಫಿನ್‌ಲ್ಯಾಂಡಿನ ಹಕ್ಕಿ ಪಕ್ಕದ ಆಫ್ರಿಕಾದ ದಾರಿ ಹಿಡಿಯದೆ ಪೂರ್ವಕ್ಕೆ ತಿರುಗಿ ನಮ್ಮ ಬೇಲಿಗೆ ಬರುತ್ತದೆ. ಬೆರಳು ಬಿಚ್ಚಿದ ಮೇಲೂ ಅದು ಒಂದೆರಡು ಕ್ಷಣ ಅಂಗೈ ಮೇಲೆ ಹಾಗೇ ಮಲಗಿತ್ತು. ಅದರ ಎದೆ ಬಡಿತ ಸದ್ದಿಲ್ಲದ ಮೊಬೈಲ್ ನಡುಗಿದ ಹಾಗೆ ಕೈಗೆ ತಾಗುತ್ತಿತ್ತು. ಆಮೇಲೆ ಇಲ್ಲ.

ಸುಳ್ಳು ಯಾಕೆ, ನನಗೆ ಖುಷಿಯ ಜೊತೆ ಕಸಿವಿಸಿಯೂ ಆಯಿತು. ಅಷ್ಟು ದೂರದಿಂದ ಬಂದಿದ್ದನ್ನು ಹಿಡಿದು, ತಲೆಕೆಳಗು ಮಾಡಿ, ಊದಿ ನೋಡುವುದು ಎಷ್ಟು ಸರಿ? ಎಷ್ಟೇ ಎಚ್ಚರಿಕೆ ವಹಿಸಿದರೂ ಬಲೆಯಲ್ಲಿ ಅಪರೂಪಕ್ಕೆ ಹಕ್ಕಿ ಸಾಯುವುದೂ ಉಂಟು. ನಮ್ಮ ದೇಶದಲ್ಲಿ ಬೇಕಾದವರೆಲ್ಲ ಉಂಗುರ ಹಾಕುವ ಹಾಗಿಲ್ಲ, ಸರ್ಕಾರದ ಅನುಮತಿ ಬೇಕು. ಅದು ಹಾಗೇ ಇರಲಿ ಅನ್ನುವವರ ಪೈಕಿ ನಾನು. ಬ್ರಿಟನ್‌ನಲ್ಲಿ ತರಬೇತಿ ಮತ್ತು ಲೈಸೆನ್ಸ್ ಪಡೆದ ಹವ್ಯಾಸಿಗಳೇ ಈ ಕೆಲಸದ ಬಹುಪಾಲು ಮಾಡುತ್ತಾರೆ. ನಮ್ಮಲ್ಲಿ ಹಾಗೆ ಬಿಟ್ಟರೆ ಹಕ್ಕಿಗಿಂತ ಹಕ್ಕಿ ಹಿಡಿದವರ ಸೆಲ್ಫಿಯೇ ಜಾಸ್ತಿ ಆದೀತು.

ಮನೆಗೆ ಬಂದು ಅಜ್ಜಿಗೆ ಎಲ್ಲಾ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, “ಹಕ್ಕಿಗೆ ಕಾಲುಂಗುರವಾ? ಯಾರ ಜೊತೆ ಮದುವೆ ಮಾಡಿದ್ರಂತೆ?”

ಕಾಲುಂಗುರದ ಕಥೆ ಶುರುವಾಗುವುದು ಡೆನ್ಮಾರ್ಕಿನಲ್ಲಿ, ಒಬ್ಬ ಮೇಷ್ಟ್ರಿಂದ. ವಿಬೋರ್ಗ್ ಅನ್ನುವ ಊರಿನ ಹನ್ಸ್ ಕ್ರಿಶ್ಚಿಯನ್ ಮಾರ್ಟೆನ್‌ಸೆನ್. ಮೊದಲು ಸತುವಿನ ಉಂಗುರ ಮಾಡಿ ನೋಡಿದರು, ಭಾರ ಜಾಸ್ತಿಯಾಯಿತು. 1899ರಲ್ಲಿ ಅಲ್ಯೂಮಿನಿಯಂ ಉಂಗುರಗಳ ಮೇಲೆ ನಂಬರು, ವಿಳಾಸ ಕೆತ್ತಿ ಕಬ್ಬಕ್ಕಿಗಳ ಕಾಲಿಗೆ ಹಾಕಿದರು. ಅದಕ್ಕೂ ಮೊದಲು ಯುರೋಪಿನಲ್ಲಿ ಚಳಿಗಾಲಕ್ಕೆ ಕವಲುತೋಕೆಗಳು ಕೆರೆಯ ಕೆಸರಲ್ಲಿ ಹೂತು ಮಲಗುತ್ತವೆ ಅಂತ ಓದಿಕೊಂಡವರೇ ಬರೆದಿದ್ದುಂಟು. 1822ರಲ್ಲಿ ಜರ್ಮನಿಯ ಒಂದು ಊರಲ್ಲಿ ಕುತ್ತಿಗೆಗೆ ಆಫ್ರಿಕಾದ ಬಾಣ ಚುಚ್ಚಿಕೊಂಡೇ ಬಂದಿಳಿದ ಕೊಕ್ಕರೆಯನ್ನು ನೋಡಿದ ಮೇಲೆ ‘ಓಹೋ, ಇವು ಅಷ್ಟು ದೂರ ಹೋಗುತ್ತವೆ’ ಅಂತ ಕಣ್ಣು ಬಿಟ್ಟರು. ಆ ಕೊಕ್ಕರೆ ಇವತ್ತಿಗೂ ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಬಾಣದ ಸಮೇತ ನಿಂತಿದೆ. ಪಾಪ, ಅದರ ಕಾಲುಂಗುರ ಕುತ್ತಿಗೆಯಲ್ಲಿತ್ತು.

ನಮ್ಮ ದೇಶದ ಕಥೆ ಓದುವಾಗ ಮಾತ್ರ ನಾನು ಕುರ್ಚಿಯಿಂದ ಎದ್ದು ಕೂತೆ. ಯಾಕೆಂದರೆ ಅದು ನಮ್ಮ ಮನೆಯ ಹಿಂದಿನ ಕಾಡಿನಿಂದ ಹೊರಡುತ್ತದೆ.

1957. ಅಜ್ಜಿ ಮದುವೆಯಾಗಿ ಈ ಮನೆಗೆ ಬಂದು ಎರಡನೇ ವರ್ಷ. ಕಾಡಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೊಪ್ಪಿಗೆ, ಸೌದೆಗೆ ಹೋದವರಿಗೆ ಜ್ವರ. ಮೈಕೈ ಮುರಿದು ಹಾಕುವಂಥ ನೋವು, ಕಣ್ಣು ಕೆಂಪು, ಕೆಲವರಿಗೆ ಮೂಗಲ್ಲಿ ರಕ್ತ. “ಸೊಪ್ಪಿಗೆ ಹೋಗೋದೇ ಬಿಟ್ವಿ. ಕೊಟ್ಟಿಗೇಲಿ ದನ ಬರೀ ನೆಲದ ಮೇಲೆ ಮಲಗ್ತಿದ್ವು,” ಅನ್ನುತ್ತಾಳೆ ಅಜ್ಜಿ. ರೋಗ ಮೊದಲು ಗೊತ್ತಾದದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಹಾಗಾಗಿ ಜಗತ್ತಿನ ವೈದ್ಯರಿಗೆಲ್ಲ ಅದು ಕ್ಯಾಸನೂರು ಕಾಡಿನ ಕಾಯಿಲೆ. ನಮಗೆ ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ಸನ್ನು ಪತ್ತೆ ಮಾಡಿದಾಗ ಅವರಿಗೆ ಒಂದು ಆಶ್ಚರ್ಯ ಕಾದಿತ್ತು. ಅದು ಸೈಬೀರಿಯಾ ಕಡೆಯ ಉಣುಗು ಹರಡುವ ಜ್ವರಗಳ ವೈರಸ್ಸಿನ ದಾಯಾದಿ. ಅಲ್ಲೆಲ್ಲಿಯ ಸೈಬೀರಿಯಾ, ಎಲ್ಲಿಯ ಸೊರಬ! ನಡುವೆ ಓಡಾಡುವವರು ಯಾರು? ಪ್ರತಿ ವರ್ಷ ಮಳೆ ಬಿಡುವ ಹೊತ್ತಿಗೆ ಉತ್ತರದಿಂದ ಬರುವ ಹಕ್ಕಿಗಳು. ಅವುಗಳ ಪುಕ್ಕದೊಳಗೆ ಉಣುಗು ಕೂತು ಬಂದಿರಬಹುದಾ? ಈ ಅನುಮಾನ ಬಗೆಹರಿಸಲು ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಅಂತ ಮೊದಲು ಗೊತ್ತಾಗಬೇಕಲ್ಲ. ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು. 1959ರಲ್ಲಿ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ಸೊಸೈಟಿ ಹಕ್ಕಿ ವಲಸೆಯ ದೊಡ್ಡ ಯೋಜನೆ ಶುರು ಮಾಡಿತು. ಉಂಗುರ ಹಾಕುವ ಕೆಲಸ ಮೊದಲೂ ಅಲ್ಲಲ್ಲಿ ಸಣ್ಣದಾಗಿ ನಡೆದಿತ್ತು. ದೇಶದುದ್ದಕ್ಕೂ ಸಾವಿರಗಟ್ಟಲೆ ಹಕ್ಕಿ ಹಿಡಿದು, ಉಂಗುರ ತೊಡಿಸಿ, ಮೈಮೇಲಿನ ಉಣುಗು ಹೆಕ್ಕಿ ಶೀಶೆಗೆ ಹಾಕುವ ಕೆಲಸ ನಡೆದದ್ದು ಆಮೇಲೆ.

ಮುಂದೆ ಅಮೆರಿಕದ ಸೇನೆಯ ದುಡ್ಡೂ ಬಂತು. ಶತ್ರು ದೇಶಕ್ಕೆ ಹಕ್ಕಿ ಮೂಲಕ ರೋಗ ಕಳಿಸುವ ಹುನ್ನಾರ ಇದರ ಹಿಂದೆ ಇದೆಯಾ ಅಂತ 1970ರ ದಶಕದಲ್ಲಿ ಪೇಪರಿನಲ್ಲಿ, ಸಂಸತ್ತಿನಲ್ಲಿ ಗಲಾಟೆಯೂ ಆಯಿತು. ಆ ರಗಳೆ ಬೇರೆ. ಮಂಗನ ಕಾಯಿಲೆಯನ್ನು ಹಕ್ಕಿಗಳೇ ತಂದವು ಅಂತ ಮಾತ್ರ ಸಾಬೀತಾಗಲಿಲ್ಲ. ಕಾಯಿಲೆ ಇನ್ನೂ ಇದೆ. ಚಳಿ ಮುಗಿದು ತರಗೆಲೆ ಒಣಗಿದರೆ ನಮ್ಮೂರಲ್ಲಿ ಈಗಲೂ ಕಾಡಿಗೆ ಹೋಗುವವರು ಕೈಕಾಲಿಗೆ ಎಣ್ಣೆ ಸವರಿಕೊಂಡೇ ಹೋಗುವುದು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮತ್ತೆ ಸಾವುಗಳಾದವು. ಹಕ್ಕಿಗಳ ಮೇಲಿನ ಆರೋಪ ಬಿದ್ದುಹೋಯಿತು, ಆ ನೆಪದಲ್ಲಿ ಕಟ್ಟಿದ ಲೆಕ್ಕ ಉಳಿಯಿತು. ಕೋಡಿಯಕ್ಕರೈಯಲ್ಲಿ ನನ್ನ ಅಂಗೈ ಮೇಲೆ ಮಲಗಿದ್ದ ಆ ಹಕ್ಕಿಯ ಉಂಗುರದ ಬೇರು ಸೊರಬದ ಕಾಡಲ್ಲಿದೆ ಅಂತ ಅಲ್ಲಿದ್ದಾಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಗೆ ಹಿಡಿಯುತ್ತಿದ್ದೆನೋ.

ಉಂಗುರ ಅಂದರೆ ಕಡಲಿಗೆ ಎಸೆದ ಚೀಟಿ. ಸಣ್ಣ ಹಕ್ಕಿಗಳಲ್ಲಿ ನೂರಕ್ಕೆ ಒಂದರ ಸುದ್ದಿಯೂ ವಾಪಸ್ ಬರುವುದಿಲ್ಲ. ಅದೇ ಹಕ್ಕಿ ಮತ್ತೆ ಬಲೆಗೆ ಬೀಳಬೇಕು, ಇಲ್ಲಾ ಸತ್ತು ಯಾರ ಕೈಗಾದರೂ ಸಿಗಬೇಕು, ಅವರು ಓದಿ ಪತ್ರ ಬರೆಯಬೇಕು. ದೊಡ್ಡ ಹಕ್ಕಿಗಳದ್ದು ಸ್ವಲ್ಪ ಸುಲಭ. ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಮೈಸೂರು ಸೀಮೆಯ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, ಹಿಮಾಲಯವನ್ನೇ ದಾಟಿ ಬರುವವು, ಅವುಗಳಲ್ಲಿ ಕೆಲವಕ್ಕೆ ಕುತ್ತಿಗೆಯಲ್ಲಿ ಬಣ್ಣದ ಪಟ್ಟಿ. ಮೇಲೆ ದೊಡ್ಡ ಅಕ್ಷರ, ಅಂಕೆ. ದಡದಲ್ಲಿ ಕೂತು ದುರ್ಬೀನಿನಲ್ಲಿ ಓದಬಹುದು, ಹಿಡಿಯುವುದೇ ಬೇಡ. ಮೈಸೂರಿನ ಹಕ್ಕಿ ನೋಡುವವರು ಹಾಗೆ ಓದಿ ಬರೆದ ಅಂಕೆಗಳು ಮಂಗೋಲಿಯಾದಲ್ಲಿ ಪಟ್ಟಿ ಕಟ್ಟಿದವರ ಪುಸ್ತಕಕ್ಕೆ ತಾಳೆಯಾಗಿವೆ. ಈಗ ಬೆನ್ನಿಗೆ ಸ್ಯಾಟಲೈಟ್ ಯಂತ್ರ ಕಟ್ಟಿ ಮೊಬೈಲಲ್ಲೇ ದಾರಿ ನೋಡುವ ಕಾಲ. 2013ರಲ್ಲಿ ನಾಗಾಲ್ಯಾಂಡ್‌ನ ಅಮೂರ್ ಚಾಣಗಳಿಗೆ ಹಾಗೆ ಕಟ್ಟಿ, ಅವು ನಮ್ಮ ತಲೆ ಮೇಲಿಂದಲೇ ಅರಬ್ಬಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುವುದನ್ನು ಜನ ಕ್ರಿಕೆಟ್ ಸ್ಕೋರಿನ ಹಾಗೆ ನೋಡಿದರು. ಆದರೆ ಆ ಯಂತ್ರ ದುಬಾರಿ. ಹದಿನೆಂಟು ಗ್ರಾಮಿನ ಕುಂಡೆಕುಸ್ಕಕ್ಕೆ ಹೊರಲೂ ಆಗದು. ಅದಕ್ಕೆ ಇವತ್ತಿಗೂ ಮೇಷ್ಟ್ರ ಅಲ್ಯೂಮಿನಿಯಂ ಉಂಗುರವೇ ಗತಿ.

ಚಳಿಗಾಲದ ಅತಿಥಿಗಳು ವರ್ಷ ವರ್ಷವೂ ಅದೇ ಜಾಗಕ್ಕೆ, ಅದೇ ಪೊದೆಗೆ ವಾಪಸ್ ಬರುವುದುಂಟು ಅಂತ ತೋರಿಸಿಕೊಟ್ಟಿದ್ದೂ ಉಂಗುರವೇ. ಅಂದರೆ ಅಜ್ಜಿ ಹೇಳುವುದು ಆಗದ ಮಾತೇನಲ್ಲ. ಹಾಗಂತ ಅಜ್ಜನ ಪುಸ್ತಕದ ಅಷ್ಟೂ ವರ್ಷ ಬಂದಿದ್ದು ಒಂದೇ ಹಕ್ಕಿಯಾಗಿರಲು ಸಾಧ್ಯವಿಲ್ಲ. ಅಷ್ಟು ಸಣ್ಣ ಹಕ್ಕಿ ಕೆಲವು ವರ್ಷ ಬದುಕಿದರೆ ದೊಡ್ಡದು. ಯಾವುದೋ ಒಂದು ವರ್ಷ ಹಳೆಯದು ಬರಲಿಲ್ಲ, ಬೇರೊಂದು ಬಂತು, ಮನೆಯವರಿಗೆ ಗೊತ್ತೇ ಆಗಲಿಲ್ಲ. ಇದನ್ನು ಅಜ್ಜಿಗೆ ಹೇಳಿದ್ದೆ. “ಇರಬಹುದು. ಮನೆಯೂ ಹಾಗೇ ಅಲ್ವಾ?” ಅಂದು ವೀಳ್ಯದೆಲೆ ಒರೆಸತೊಡಗಿದಳು.

ಈ ಸಲ ಉತ್ತರೆ ಮಳೆಯ ಹೊತ್ತಿಗೆ ಊರಲ್ಲೇ ಇದ್ದೆ. ಉಳಿದ ಅತಿಥಿಗಳೆಲ್ಲ ಒಂದೊಂದಾಗಿ ಬರುವ ಸಮಯ. ಕರೆಂಟ್ ತಂತಿ ಮೇಲೆ ಕವಲುತೋಕೆಗಳ ಸಾಲು. ಹಲಸಿನ ಮರದ ನೆತ್ತಿಯಲ್ಲಿ ಇಡೀ ದಿನ ಚೀವೀ ಚೀವೀ ಅನ್ನುವ, ಕಣ್ಣಿಗೆ ಬೀಳದ ಹಸಿರು ಉಲಿಯಕ್ಕಿ. ತೋಟದ ನೆರಳಲ್ಲಿ ಬಾಲವನ್ನು ಮೇಲೆ ಕೆಳಗೆ ಕುಣಿಸುವ ಬದಲು ಅಡ್ಡಡ್ಡ ಅಲ್ಲಾಡಿಸುವ ಕಾಡು ಸಿಪಿಲೆ. ನವರಂಗ ಮಾತ್ರ ಇನ್ನೂ ಬಂದಿರಲಿಲ್ಲ, ಅದು ದಸರಾ ಕಡೆಗೆ. ರಾತ್ರಿ ಹಾರುವ ಹಕ್ಕಿ ಅದು. ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೂ ಯಾರದೋ ಮನೆಯ ಕಿಟಕಿ ಗಾಜಿಗೆ ಬಡಿದು ಬಿದ್ದಿದ್ದರ ಫೋಟೋ ವಾಟ್ಸಾಪಿನಲ್ಲಿ ಬರುತ್ತದೆ. ನೀರು ಕುಡಿಸಲು ಹೋಗಬೇಡಿ. ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಎಷ್ಟೋ ಸಲ ಸುಧಾರಿಸಿಕೊಂಡು ಹಾರಿಹೋಗುತ್ತದೆ.

ನಮ್ಮ ಅಂಗಳಕ್ಕೆ ಈ ಸಲ ಎರಡು ಕುಂಡೆಕುಸ್ಕ ಬಂದವು. ಎರಡು ದಿನ ಜಗಳವೋ ಜಗಳ. ಒಗೆಯುವ ಕಲ್ಲಿನಿಂದ ಕೊಟ್ಟಿಗೆ ಮಾಡಿಗೆ, ಮಾಡಿನಿಂದ ಬೇಲಿಗೆ, ಬೇಲಿಯಿಂದ ಮತ್ತೆ ಕಲ್ಲಿಗೆ. ನಾನು ಜಗಲಿಯಲ್ಲಿ ಕೂತು ದುರ್ಬೀನಿನಲ್ಲಿ ಮೊದಲು ನೋಡಿದ್ದು ಕಾಲು. ಅದೊಂದು ಚಟವಾಗಿಬಿಟ್ಟಿದೆ. ನಾಲ್ಕೂ ಬರಿಗಾಲು. ಮೂರನೇ ದಿನ ಬೆಳಿಗ್ಗೆ ಒಂದೇ ಉಳಿದಿತ್ತು.

“ಹಳೇದೇ ಗೆದ್ದಿದ್ದು,” ಅಂದಳು ಅಜ್ಜಿ. ಪೊರೆಯ ಆಪರೇಷನ್ ಆದಮೇಲೆ ಅವಳ ಕಣ್ಣು ನನ್ನದಕ್ಕಿಂತ ಚುರುಕು.

“ಹೇಗೆ ಹೇಳ್ತೀಯಾ? ಎರಡೂ ಒಂದೇ ಥರ ಇದ್ವು.”

“ಥರ ಒಂದೇ. ಆದ್ರೆ ನಿನ್ನೆ ನಾ ಪಾತ್ರೆ ತೊಳ್ದ ನೀರು ಚೆಲ್ಲಿದಾಗ ಒಂದು ಹೆದರ್ಕೊಂಡು ಹಾರ್ತು. ಇನ್ನೊಂದು ಎರಡು ಹೆಜ್ಜೆ ಆಚೆ ಸರ್ಕೊಂಡು ನಿಂತಿತ್ತು, ನೀರು ಇಂಗಿದ ಮೇಲೆ ಹುಳ ಹೆಕ್ಕೋಕೆ.”

ನಾನು ಒಳಗೆ ಹೋಗಿ ಕ್ಯಾಲೆಂಡರ್ ತೆಗೆದೆ. ಹಾಲಿನ ಲೆಕ್ಕದ ಪಕ್ಕ ಸ್ವಲ್ಪ ಜಾಗ ಇತ್ತು. ‘ಉತ್ತರೆ ಮಳೆ, ಹದ. ಕುಂಡೆಕುಸ್ಕ ಬಂತು’ ಅಂತ ಬರೆದೆ. ‘ಹಳೇದು’ ಅಂತ ಸೇರಿಸಬೇಕಾ ಅಂತ ಪೆನ್ನು ಹಿಡಿದುಕೊಂಡು ನಿಂತಿದ್ದಾಗ, ಹೊರಗೆ ಅಜ್ಜಿ ಮತ್ತೆ ನೀರು ಚೆಲ್ಲಿದ ಸದ್ದು ಕೇಳಿಸಿತು.